ರೇಷ್ಮೆಹುಳುವಿನ ಜ್ವರ ಮತ್ತು ಎಕ್ಡೈಸೋನ್ ಹಾರ್ಮೋನು

ರೇಷ್ಮೆಹುಳು ಗೂಡು ಕಟ್ಟುವ ಮುನ್ನ ನಾಲ್ಕು ಬಾರಿ ಪೊರೆ ಬಿಡುತ್ತದೆ. ಸಾಕಣೆದಾರರು ಇದನ್ನೇ ಜ್ವರ ಎನ್ನುತ್ತಾರೆ. ಪೊರೆ ಬಿಡಿಸುವ ವಸ್ತು ಎಕ್ಡೈಸೋನ್ ಎಂಬ ಸ್ಟೀರಾಯ್ಡ್ ಹಾರ್ಮೋನು. 1954ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿ.ಗ್ರಾಂ. ರೇಷ್ಮೆ ಪ್ಯೂಪಾಗಳಿಂದ ಇದನ್ನು ಬೇರ್ಪಡಿಸಿದಾಗ ದೊರೆತದ್ದು ಕೇವಲ 25 ಮಿ.ಗ್ರಾಂ.

ಇಷ್ಟು ಅಲ್ಪ ವಸ್ತು ಇಡೀ ಹುಳುವನ್ನು ಬದಲಿಸುವುದು ಹೇಗೆ? ಹುಳುವಿನ ಎದೆಭಾಗದ ಗ್ರಂಥಿಯಿಂದ ಹೊರಟ ಎಕ್ಡೈಸೋನ್ ರಕ್ತಕ್ಕೆ ಸೇರಿ, ಇತರ ಅಂಗಗಳಲ್ಲಿ ತುಸು ಮಾರ್ಪಟ್ಟು ಚುರುಕಾಗುತ್ತದೆ. ಜೀವಕೋಶದ ಒಳಗೆ ಇದಕ್ಕೆಂದೇ ಗ್ರಾಹಕವೆಂಬ ಪ್ರೋಟೀನು ಇದೆ. ಬೀಗಕ್ಕೆ ಬೀಗದಕೈ ಹೊಂದುವಂತೆ ಹಾರ್ಮೋನು ಅದರಲ್ಲಿ ಕೂರುತ್ತದೆ. ಆಗ ಗ್ರಾಹಕವು ಜೊತೆಯ ಇನ್ನೊಂದು ಪ್ರೋಟೀನಿನೊಡನೆ ಸೇರಿ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಹಳೆಯ ಚರ್ಮದ ಕೆಳಗೆ ಹೊಸ ಚರ್ಮ ಸಿದ್ಧವಾಗುತ್ತದೆ. ಹಾರ್ಮೋನಿನ ಮಟ್ಟ ಇಳಿದ ಮೇಲೆಯೇ ಹುಳು ಪೊರೆ ಕಳಚುತ್ತದೆ.

ಟೆಬುಫೆನೊಜೈಡ್, ಮೆಥಾಕ್ಸಿಫೆನೊಜೈಡ್ ಕೀಟನಾಶಕಗಳು ನಕಲಿ ಬೀಗದಕೈಯಂತೆ ಇದೇ ಗ್ರಾಹಕದಲ್ಲಿ ಕೂರುತ್ತವೆ, ಬೇಗ ಬಿಡುವುದಿಲ್ಲ. ಮರಿಹುಳು ಮೇವು ಬಿಟ್ಟು, ಅಕಾಲದಲ್ಲಿ ಪೊರೆ ಬಿಡಲು ಹೊರಟು, ಕಳಚಲಾರದೆ ಸಾಯುತ್ತದೆ. ಕಾಯಿಕೊರಕದಂತೆ ರೇಷ್ಮೆಹುಳುವೂ ಪತಂಗದ ಮರಿಯೇ. ಆದ್ದರಿಂದ ಪಕ್ಕದ ಬೆಳೆಗೆ ಇವನ್ನು ಸಿಂಪಡಿಸುವಾಗ ಗಾಳಿಯ ದಿಕ್ಕು ನೋಡಬೇಕು. ತುಂತುರು ಬಿದ್ದ ಹಿಪ್ಪುನೇರಳೆ ಸೊಪ್ಪನ್ನು ಹುಳುಗಳಿಗೆ ಕೊಡಬಾರದು.