ಸಾಲ ತೀರಿದ್ರೂ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು! ‘ಹೈಪೊಥಿಕೇಟ್’ ಅಂದ್ರೆ ಏನು?
ಸಾಲದಲ್ಲಿ ಬೈಕ್ ತಗೊಂಡವರು ಒಮ್ಮೆ ಆರ್‌ಸಿ ತೆಗೆದು ನೋಡಿ. ಮಾಲೀಕರ ಹೆಸರಿನ ಜೊತೆ ಬ್ಯಾಂಕಿನದೋ ಫೈನಾನ್ಸ್‌ನದೋ ಹೆಸರೂ ಇರುತ್ತೆ. ಅಲ್ಲಿ ಬರುವ ಪದವೇ ಹೈಪೊಥಿಕೇಟ್. ಕೆಲವು ಅಂಗಡಿ, ಗೋದಾಮಿನ ಬೋರ್ಡ್ ಮೇಲೂ ಇದೇ ಪದ ಕಾಣುತ್ತೆ.

‘ಅಡ ಇಡೋದು ತಾನೇ?’ ಅಂತ ಕೇಳಬಹುದು. ಹೌದು, ಆದ್ರೆ ಒಂದು ವ್ಯತ್ಯಾಸ ಇದೆ. ಚಿನ್ನ ಗಿರವಿ ಇಟ್ಟರೆ ಒಡವೆ ಬ್ಯಾಂಕಿನ ಲಾಕರ್ ಸೇರುತ್ತೆ. ಮನೆ, ಜಮೀನಿನ ಮೇಲಿನ ಸಾಲ ಅಡಮಾನ. ಹೈಪೊಥಿಕೇಟ್ ಮಾಡಿದ ವಸ್ತು ಮಾತ್ರ ಸಾಲಗಾರನ ಕೈಯಲ್ಲೇ ಇರುತ್ತೆ. ಬೈಕ್ ಓಡಿಸಬಹುದು, ಅಂಗಡಿ ಮಾಲು ಮಾರಬಹುದು. ಕಂತು ಕಟ್ಟದೇ ಹೋದರೆ ಅದರ ಮೇಲೆ ಹಕ್ಕು ಸಾಲ ಕೊಟ್ಟವರದು.

ಪದದ ಮೂಲ ಗ್ರೀಕ್ ಭಾಷೆ. ಹೈಪೊಥಿಕೇಟ್ ಮಾಡೋದು ಸಾಲ ತಗೊಂಡವರು, ಬ್ಯಾಂಕ್ ಅಲ್ಲ. ಬ್ರಿಟನ್‌ನಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಉಂಟು: ಒಂದು ತೆರಿಗೆ ಹಣವನ್ನು ಇಂಥದ್ದೇ ಕೆಲಸಕ್ಕೆ ಅಂತ ಮೀಸಲಿಡೋದು.

ಸಿಸಿ ಸಾಲ ಇರುವ ಅಂಗಡಿಯವರು ಇಲ್ಲಿ ಗಮನ ಕೊಡಬೇಕು. 2002ರ ಸರ್ಫೇಸಿ ಕಾಯ್ದೆಯ ವ್ಯಾಖ್ಯೆಯಲ್ಲಿ ಈಗಿರುವ ಸರಕಷ್ಟೇ ಅಲ್ಲ, ಮುಂದೆ ಬರುವ ಸರಕೂ ಸೇರಿದೆ. ಅಂದ್ರೆ ಇವತ್ತು ಮಾರಿದ ಅಕ್ಕಿ ಮೂಟೆ ಲೆಕ್ಕದಿಂದ ಹೋಯ್ತು, ನಾಳೆ ಲಾರಿಯಲ್ಲಿ ಇಳಿಯುವ ಮೂಟೆ ಅದರ ಜಾಗಕ್ಕೆ ಬಂತು. ಬ್ಯಾಂಕಿನವರು ಸ್ಟಾಕ್ ಸ್ಟೇಟ್‌ಮೆಂಟ್ ಕೇಳೋದು ಇದಕ್ಕೇ. ದಿನದ ವ್ಯಾಪಾರಕ್ಕೆ ಅಡ್ಡಿ ಇಲ್ಲ. ಆದ್ರೆ ಬ್ಯಾಂಕಿಗೆ ಹೇಳದೆ ಇಡೀ ಸರಕು ಬೇರೆಯವರಿಗೆ ಒಪ್ಪಿಸಿಬಿಟ್ಟರೆ ಕೇಸ್ ಆಗಬಹುದು.

ವಾಹನದವರು ಎಡವೋದು ಬೇರೆ ಕಡೆ. ಕೊನೇ ಕಂತು ಕಟ್ಟಿದ ಕೂಡಲೇ ಎಲ್ಲ ಮುಗೀತು ಅಂದ್ಕೋತಾರೆ. ಬ್ಯಾಂಕಿನ ಲೆಕ್ಕ ಮುಗಿದಿರಬಹುದು, ಆರ್‌ಟಿಒ ದಾಖಲೆಯಲ್ಲಿ ಹೆಸರು ಹಾಗೇ ಕೂತಿರುತ್ತೆ. ಅದನ್ನು ತೆಗೆಸಲು ಸಾಲ ಕೊಟ್ಟವರಿಂದ ಎನ್‌ಒಸಿ ಮತ್ತು ಅವರ ಸಹಿ, ಸೀಲು ಇರುವ ಫಾರ್ಮ್ 35 ಪಡೆದು ಆರ್‌ಟಿಒಗೆ ಅರ್ಜಿ ಹಾಕಬೇಕು. ಊರ ಕಡೆ ಇದನ್ನೇ ‘ಎಚ್‌ಪಿ ಕ್ಯಾನ್ಸಲ್’ ಅಂತಾರೆ.

ಮಾಡಿಸದಿದ್ರೆ ಏನಾಗುತ್ತೆ? ಗಾಡಿ ಮಾರುವಾಗ ತಕರಾರು. 1988ರ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ, ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕತ್ವ ಬದಲಾಗಲ್ಲ. ಐದಾರು ವರ್ಷ ಬಿಟ್ಟು ಹೋದ್ರೆ ಆ ಫೈನಾನ್ಸ್ ಕಚೇರಿಯೇ ಊರಲ್ಲಿ ಇರುತ್ತೋ ಇಲ್ವೋ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಮುಂಗಡ ಕೊಡೋ ಮೊದಲೇ ಆರ್‌ಸಿಯಲ್ಲಿ ಈ ಸಾಲು ಇದೆಯಾ ನೋಡಿಕೊಳ್ಳಿ.