ಬೀಗ ತೆರೆಯುವ ವಿದ್ಯೆ, ಅಪ್ಪಣೆ ಕೇಳುವ ಧರ್ಮ

ಬೀಗ ರಿಪೇರಿಯವನಿಗೂ ಕನ್ನ ಹಾಕುವವನಿಗೂ ಗೊತ್ತಿರುವ ವಿದ್ಯೆ ಒಂದೇ. ಮೊದಲನೆಯವನು ಮನೆಯವರು ಕರೆದರೆ ಬರುತ್ತಾನೆ, ಎರಡನೆಯವನು ಕರೆಯದೆ ಬರುತ್ತಾನೆ. ಕಂಪ್ಯೂಟರ್ ಲೋಕದ ‘ಹ್ಯಾಕಿಂಗ್’ ಕೂಡ ಇಂಥದೇ ವಿದ್ಯೆ. ಹಾಗಾದರೆ, “ನಾನೇನೂ ಕದಿಯಲಿಲ್ಲ, ಕುತೂಹಲಕ್ಕೆ ಒಳಗೆ ಹೋದೆ” ಎಂದವನನ್ನು ಏನೆನ್ನಬೇಕು? ಎರಡು ಘಟನೆಗಳನ್ನು ನೋಡೋಣ.

1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್, ಆಗಿನ್ನೂ ಚಿಕ್ಕದಾಗಿದ್ದ ಇಂಟರ್‌ನೆಟ್ಟಿಗೆ ಒಂದು ಪ್ರೋಗ್ರಾಮನ್ನು ಹರಿಯಬಿಟ್ಟರು. ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡುವ ‘ವರ್ಮ್’, ಎಂದರೆ ಹುಳು ಅದು. ಅಂಚೆ ಸಾಗಿಸುವ ತಂತ್ರಾಂಶದ ಲೋಪ, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡುಗಳು ಅದಕ್ಕೆ ಕಿಂಡಿಗಳಾದವು. ಕಡತ ಅಳಿಸುವ ಆಜ್ಞೆ ಅದರಲ್ಲಿರಲಿಲ್ಲ. ಆದರೆ ತನ್ನ ಪ್ರತಿ ಈಗಾಗಲೇ ಇರುವ ಯಂತ್ರದಲ್ಲೂ ಏಳರಲ್ಲಿ ಒಂದು ಸಲ ಉಳಿದುಕೊಳ್ಳುವಂತೆ ಅದನ್ನು ಬರೆಯಲಾಗಿತ್ತು. ಪ್ರತಿಗಳ ಮೇಲೆ ಪ್ರತಿಗಳು ತುಂಬಿ ಯಂತ್ರಗಳು ಸ್ತಬ್ಧವಾದವು. ಆಗಿನ ಅಂದಾಜಿನಂತೆ ಸುಮಾರು 6,000 ಕಂಪ್ಯೂಟರುಗಳಿಗೆ ಈ ಹುಳು ಹತ್ತಿತ್ತು.

ಹಾನಿಯ ಉದ್ದೇಶವಿರಲಿಲ್ಲವೆಂಬ ವಾದ ನಿಲ್ಲಲಿಲ್ಲ. ಅನುಮತಿಯಿಲ್ಲದೆ ಪ್ರವೇಶಿಸುವ ಉದ್ದೇಶವಿದ್ದರೆ ಸಾಕು ಎಂದು 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಮೂರು ವರ್ಷ ಪ್ರೊಬೇಷನ್, 400 ಗಂಟೆ ಸಮಾಜಸೇವೆ, 10,050 ಡಾಲರ್ ದಂಡದ ಶಿಕ್ಷೆ ಉಳಿಯಿತು. ಮಾರಿಸ್ ಮುಂದೆ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾದರು. ಅವರ ಜಾಣತನದಲ್ಲಿ ಕೊರತೆಯಿರಲಿಲ್ಲ. ಯಂತ್ರಗಳ ಒಡೆಯರನ್ನು ಅವರು ಕೇಳಿರಲಿಲ್ಲ.

ಎರಡನೆಯ ಘಟನೆ 2008ರದು. ಇಂಟರ್‌ನೆಟ್ಟಿನಲ್ಲಿ ನಾವು ಬರೆಯುವ ಹೆಸರನ್ನು ಯಂತ್ರದ ಅಂಕಿಯ ವಿಳಾಸಕ್ಕೆ ಬದಲಿಸುವ ಡಿ.ಎನ್.ಎಸ್. ಎಂಬ ವ್ಯವಸ್ಥೆಯಿದೆ. ಟೆಲಿಫೋನ್ ಡೈರೆಕ್ಟರಿ ಇದ್ದ ಹಾಗೆ. ಅದರಲ್ಲಿ ಸುಳ್ಳು ವಿಳಾಸ ಸೇರಿಸಬಹುದಾದ ದೋಷವನ್ನು ಡ್ಯಾನ್ ಕಾಮಿನ್ಸ್ಕಿ ಕಂಡುಹಿಡಿದರು. ಬ್ಯಾಂಕಿನ ಹೆಸರು ಬರೆದವರು ವಂಚಕನ ಬಾಗಿಲಿಗೆ ಹೋಗಬಹುದಿತ್ತು! ಅವರು ಡಂಗುರ ಸಾರದೆ ತಂತ್ರಾಂಶ ತಯಾರಕರಿಗೆ ತಿಳಿಸಿದರು. ತಿಂಗಳುಗಟ್ಟಲೆ ಗುಟ್ಟಾಗಿ ಕೆಲಸ ನಡೆದು, ಜುಲೈ 8ರಂದು ಹಲವು ಸಂಸ್ಥೆಗಳು ಒಟ್ಟಿಗೇ ಪರಿಹಾರವನ್ನು ಬಿಡುಗಡೆ ಮಾಡಿದವು.

ಇಂದು ಇದೊಂದು ಮರ್ಯಾದೆಯ ವೃತ್ತಿ. ಯಾವ ಯಂತ್ರ, ಯಾವ ದಿನ, ಎಲ್ಲಿಯವರೆಗೆ ಎಂದು ಲಿಖಿತ ಒಪ್ಪಂದ ಮಾಡಿಕೊಂಡು ಪರೀಕ್ಷಕರು ದಾಳಿ ನಡೆಸಿ ನೋಡುತ್ತಾರೆ, ವರದಿ ಕೊಡುತ್ತಾರೆ. ದೋಷ ತೋರಿಸಿದವರಿಗೆ ಬಹುಮಾನ ಕೊಡುವ ಪದ್ಧತಿಯನ್ನು ನೆಟ್‌ಸ್ಕೇಪ್ ಕಂಪನಿ 1995ರಲ್ಲೇ ಆರಂಭಿಸಿತ್ತು.

ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಒಡೆಯನ ಅನುಮತಿಯನ್ನೇ ಕೇಳುತ್ತದೆ. ಅನುಮತಿಯಿಲ್ಲದೆ ನುಸುಳಿದವರು ಪರಿಹಾರ ತೆರಬೇಕಾದೀತು. ಅಪ್ರಾಮಾಣಿಕತೆ ಅಥವಾ ವಂಚನೆಯ ಉದ್ದೇಶವೂ ಇದ್ದರೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈ ವಿದ್ಯೆಯನ್ನು ಖಂಡಿತ ಕಲಿಯಿರಿ. ನಿಮ್ಮದೇ ಯಂತ್ರದ ಮೇಲೆ ಪ್ರಯೋಗಿಸಿ. ಈಗ ಒಂದು ಪ್ರಶ್ನೆ. ಕಾಲೇಜಿನ ಅಂಕಪಟ್ಟಿಯಿರುವ ಕಂಪ್ಯೂಟರಿನ ಪಾಸ್‌ವರ್ಡ್ ಅಕಸ್ಮಾತ್ ನಿಮಗೆ ತಿಳಿಯಿತು ಎನ್ನಿ. ಒಮ್ಮೆ ಇಣುಕಿ ನೋಡಿ ಹೇಳುತ್ತೀರೋ, ಇಣುಕದೆಯೇ ಹೇಳುತ್ತೀರೋ? ಗೆಳೆಯರೊಡನೆ ಚರ್ಚಿಸಿ.