ಪಶ್ಚಾತ್ತಾಪದ ಮಾತು: ಇಂಗ್ಲಿಷ್ ವ್ಯಾಕರಣದಲ್ಲೊಂದು ಪಾಠ

ಕಳೆದ ಕಾಲವನ್ನು ಮರಳಿ ತರುವ ಶಕ್ತಿ ಯಾರಿಗೂ ಇಲ್ಲ. ಆದರೆ ಅದನ್ನು ಕುರಿತು ಮರುಗುವ ಮಾತು ಎಲ್ಲ ಭಾಷೆಗಳಲ್ಲಿಯೂ ಉಂಟು. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಗಡಿನಾಡಿನ ಮಕ್ಕಳು ಆ ಮಾತನ್ನು ಇಂಗ್ಲಿಷಿನಲ್ಲಿ ಬರೆಯಹೊರಟಾಗ ಕೆಲವೊಮ್ಮೆ ಎಡವುತ್ತಾರೆ. ಇದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಎರಡು ಭಾಷೆಗಳ ನಡೆಯೇ ಬೇರೆ.

'ನಾನು ಮೊದಲೇ ತಿಳಿಸಬೇಕಾಗಿತ್ತು' ಎಂಬ ವಾಕ್ಯವನ್ನು ನೋಡೋಣ. ತಿಳಿಸುವುದು ಅನಿವಾರ್ಯವಾಗಿತ್ತು ಎಂಬುದು ಇದರ ಒಂದು ಅರ್ಥ. ತಿಳಿಸಲಿಲ್ಲವಲ್ಲಾ ಎಂಬ ಮರುಕ ಇನ್ನೊಂದು. ಕನ್ನಡದಲ್ಲಿ ಸಂದರ್ಭವೇ ಅರ್ಥವನ್ನು ಬಿಡಿಸಿ ಹೇಳುತ್ತದೆ. ಇಂಗ್ಲಿಷಿನಲ್ಲಿ ಇವು ಎರಡು ಬೇರೆ ವಾಕ್ಯಗಳು. 'ಐ ಹ್ಯಾಡ್ ಟು ಟೆಲ್ ಯೂ' ಎಂದರೆ ತಿಳಿಸದೆ ವಿಧಿಯಿರಲಿಲ್ಲ, ಆದ್ದರಿಂದ ತಿಳಿಸಿದೆನು ಎಂಬ ಭಾವ. 'ಐ ಶುಡ್ ಹ್ಯಾವ್ ಟೋಲ್ಡ್ ಯೂ' ಎಂದರೆ ತಿಳಿಸದೆ ತಪ್ಪಿದೆನು ಎಂದರ್ಥ. ಗುರುಗಳಿಗೆ ಕ್ಷಮೆ ಕೋರುವ ಪತ್ರದಲ್ಲಿ ಮೊದಲನೆಯದನ್ನು ಬರೆದರೆ, ಮಾಡದ ಕೆಲಸವನ್ನು ಮಾಡಿದೆನೆಂದು ಹೇಳಿದಂತಾಗುವುದು!

'ಶುಡ್ ಹ್ಯಾವ್' ಆದ ಮೇಲೆ ಕ್ರಿಯಾಪದದ ಮೂರನೆಯ ರೂಪವೇ ಬರಬೇಕು. ಗೋ, ವೆಂಟ್, ಗಾನ್ ಎಂಬಲ್ಲಿ 'ಶುಡ್ ಹ್ಯಾವ್ ಗಾನ್' ಸರಿ, 'ಶುಡ್ ಹ್ಯಾವ್ ವೆಂಟ್' ತಪ್ಪು. ಹೋಗಬಾರದಿತ್ತು ಎನ್ನಲು 'ಶುಡ್ ನಾಟ್ ಹ್ಯಾವ್ ಗಾನ್' ಎನ್ನಬೇಕು. 'ಮಸ್ಟ್ ಹ್ಯಾವ್ ಗಾನ್' ಎಂದರೆ 'ಹೋಗಿರಬೇಕು' ಎಂಬ ಊಹೆಯೇ ಹೊರತು ಪಶ್ಚಾತ್ತಾಪವಲ್ಲ.

ಎರಡನೆಯ ಬಗೆ 'ಐ ವಿಶ್' ಎಂಬುದು. 'ಐ ವಿಶ್ ಐ ನ್ಯೂ' ಎಂದರೆ, ಈಗ ನನಗೆ ತಿಳಿದಿದ್ದರೆ ಚೆನ್ನಾಗಿತ್ತು ಎಂದಂತೆ. ಆಗಲೇ ತಿಳಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಹಳೆಯದಕ್ಕೆ ಮರುಗಬೇಕಾದರೆ 'ಐ ವಿಶ್ ಐ ಹ್ಯಾಡ್ ನೋನ್' ಎನ್ನಬೇಕು.

ಮೂರನೆಯದು 'ಇಫ್' ಸೇರಿದ ವಾಕ್ಯ. 'ಓದಿದರೆ' ಮತ್ತು 'ಓದಿದ್ದರೆ' ಎಂಬ ಮಾತುಗಳಿಗೆ ಒಂದೇ ಒತ್ತಕ್ಷರದ ಅಂತರ. ಮೊದಲನೆಯದರಲ್ಲಿ ಇನ್ನೂ ಆಸೆ ಉಂಟು. ಎರಡನೆಯದರಲ್ಲಿ ಕಾಲ ಮಿಂಚಿದೆ. ಅಲ್ಲಿ ಅಡಗಿರುವ 'ಇದ್ದರೆ' ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ 'ಹ್ಯಾಡ್' ಮಾಡುತ್ತದೆ. 'ಇಫ್ ಐ ಹ್ಯಾಡ್ ಸ್ಟಡೀಡ್, ಐ ವುಡ್ ಹ್ಯಾವ್ ಪಾಸ್ಡ್': ಓದಿದ್ದರೆ ತೇರ್ಗಡೆಯಾಗುತ್ತಿದ್ದೆನು. 'ವುಡ್ ಹ್ಯಾವ್' ಎಂಬುದು ಫಲವನ್ನು ಹೇಳುವ ಭಾಗಕ್ಕೆ ಸೇರಿದ್ದು. 'ಇಫ್ ಐ ವುಡ್ ಹ್ಯಾವ್ ಸ್ಟಡೀಡ್' ಎಂದು ಬರೆಯಲಾಗದು.

ಹೀಗೆ, ತನ್ನ ಕನ್ನಡವನ್ನು ಚೆನ್ನಾಗಿ ಬಲ್ಲ ಮಗುವಿಗೆ ಈ ಪಾಠದ ಅರ್ಧ ಭಾಗ ಮೊದಲೇ ಬಂದಿದೆ. ಪಾಲಕರು ತಮಗೆ ಇಂಗ್ಲಿಷ್ ಬಾರದೆಂದು ಸಂಕೋಚಪಡಬೇಕಾಗಿಲ್ಲ. ಮಗು ಬರೆದ ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಹೇಳಿಸಿ, 'ಆ ಕೆಲಸ ನಡೆಯಿತೋ, ನಡೆಯಲಿಲ್ಲವೋ?' ಎಂದು ಕೇಳಲಿ. ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವಾಗ ಮಗು ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವುದು.